ಕ್ಯಾನ್ ಬಸ್ ಸಂದೇಶಗಳನ್ನು ಡ್ರೈವರ್‌ನಲ್ಲಿ ಕ್ಯೂ ಮಾಡಿ ಎರಡು ಪ್ರೋಗ್ರಾಂಗಳಿಗೆ ಕೊಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕ್ಯಾನ್ ಬಸ್ ಅಂದರೆ ವಾಹನಗಳ ಎಲೆಕ್ಟ್ರಾನಿಕ್ ಭಾಗಗಳು ಸಂದೇಶ ಹಂಚಿಕೊಳ್ಳುವ ತಂತಿ. ಲಿನಕ್ಸ್ ಬೋರ್ಡಿಗೆ ಎಸ್‌ಪಿಐ (ಚಿಪ್‌ಗಳ ನಡುವಿನ ಸರಣಿ ಸಂಪರ್ಕ) ಮೂಲಕ ಎಂಸಿಪಿ2515 ಕ್ಯಾನ್ ಕಂಟ್ರೋಲರ್ ಜೋಡಿಸಿದ್ದೀರಿ, ಬಸ್ಸಿನ ವೇಗ 500 ಕೆಬಿಪಿಎಸ್ (ಸೆಕೆಂಡಿಗೆ 5 ಲಕ್ಷ ಬಿಟ್). ಫ್ರೇಮ್ (ಬಸ್ಸಿನ ಒಂದು ಸಂದೇಶ) ಬಂದಾಗಲೆಲ್ಲ ಒಂದು ಕೆಮ್ಯಾಲಾಕ್ ಮಾಡಿ, ಅಂದರೆ ಕರ್ನಲ್ ಮೆಮೊರಿ ಪಡೆದು, ಲಿಂಕ್ಡ್ ಲಿಸ್ಟಿಗೆ ಸೇರಿಸುತ್ತೀರಿ, ರೀಡ್ ಮಾಡಿದಾಗ ತೆಗೆದು ಕೊಡುತ್ತೀರಿ. ಒಂದೇ ಪ್ರೋಗ್ರಾಂ ಓದುವಾಗ ತೊಂದರೆಯಿಲ್ಲ. ಲಾಗರ್ ಕೂಡ ಅದೇ ಡಿವೈಸ್ ಫೈಲ್ ತೆರೆದರೆ ಕೆಲವು ಫ್ರೇಮ್ ಅದಕ್ಕೆ, ಕೆಲವು ಇದಕ್ಕೆ ಹಂಚಿಹೋಗುತ್ತವೆ. ಬಸ್ ತುಂಬಿದಾಗ ಕೆಲವು ಯಾರಿಗೂ ಸಿಗುವುದಿಲ್ಲ. ಹಳೆಯ ಅಪ್ಲಿಕೇಶನ್ ಡಿವೈಸ್ ಫೈಲನ್ನೇ ಓದುವುದರಿಂದ ಲಿನಕ್ಸ್‌ನ ಸ್ವಂತ ಕ್ಯಾನ್ ವ್ಯವಸ್ಥೆಯಾದ ಸಾಕೆಟ್‌ಕ್ಯಾನ್ ಬಳಸಲಾಗದು.

ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಸಾಕೆಟ್‌ಕ್ಯಾನ್ 2008ರ 2.6.25 ಕರ್ನಲ್‌ನಿಂದಲೂ ಇದೆ, ಈ ಚಿಪ್‌ಗೆ ಕರ್ನಲ್ ಮರದಲ್ಲೇ ಎಂಸಿಪಿ251ಎಕ್ಸ್ ಡ್ರೈವರ್ ಇದೆ. ಅದನ್ನು ಹಾಗೆಯೇ ಇಟ್ಟುಕೊಂಡು, ಕ್ಯೂಸ್ (ಸಿಯುಎಸ್‌ಇ ಎಂಬ ಕರ್ನಲ್ ಸೌಲಭ್ಯ) ಬಳಸಿ ಯೂಸರ್ ಸ್ಪೇಸ್‌ನಿಂದಲೇ, ಅಂದರೆ ಕರ್ನಲ್‌ನ ಹೊರಗಿನಿಂದ, ಹಳೆಯ ಹೆಸರಿನ ಡಿವೈಸ್ ಫೈಲ್ ಒದಗಿಸುವ ಸಣ್ಣ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬರೆಯುವುದು ಸಾಧ್ಯ. ಕರ್ನಲ್‌ನಲ್ಲಿ ತಪ್ಪಾದರೆ ಬೋರ್ಡೇ ಕೂತುಬಿಡುತ್ತದೆ, ಡೀಮನ್ ತಪ್ಪಿದರೆ ಅದನ್ನು ಮತ್ತೆ ಎಬ್ಬಿಸಿದರಾಯಿತು. ನಾನಾದರೆ ಮೊದಲು ಈ ದಾರಿ ನೋಡುತ್ತೇನೆ. ಅದು ನಿಮಗೆ ಒಗ್ಗದಿದ್ದರೆ, ಅಥವಾ ನಾಳೆ ಎಫ್‌ಪಿಜಿಎ (ಬೇಕಾದಂತೆ ರೂಪಿಸಿಕೊಳ್ಳುವ ಚಿಪ್) ಒಳಗಿನ ಸ್ವಂತ ಬಸ್ಸಿಗೂ ಇಂಥದ್ದೇ ಡ್ರೈವರ್ ಬೇಕಿದ್ದರೆ, ಮುಂದಿನದನ್ನು ಓದಿ.

ಹಂಚಿಹೋಗುವುದಕ್ಕೆ ಕಾರಣ ಒಂದೇ: ನಿಮ್ಮ ಕ್ಯೂ ಡಿವೈಸಿಗೆ ಸೇರಿದೆ. ಅದು ಡಿವೈಸ್ ಫೈಲನ್ನು ತೆರೆದವರಿಗೆ ಸೇರಬೇಕು. ಪ್ರತಿ ಓಪನ್‌ನಲ್ಲಿ ಒಂದು ಕ್ಲೈಂಟ್ ಸ್ಟ್ರಕ್ಚರ್ ಮಾಡಿ. ಅದರೊಳಗೆ ಒಂದು ಕೆಫೈಫೊ (ಮೊದಲು ಬಂದದ್ದು ಮೊದಲು ಹೋಗುವ ಕರ್ನಲ್ ಕ್ಯೂ), ಒಂದು ವೇಟ್ ಕ್ಯೂ (ಕಾಯುತ್ತಿರುವವರ ಪಟ್ಟಿ), ಓದುವವರಿಗಾಗಿ ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಲಾಕ್), ಕಳೆದುಹೋದ ಫ್ರೇಮುಗಳ ಒಂದು ಎಣಿಕೆ ಇರಲಿ. ಅದನ್ನು ಫೈಲಿನ ಪ್ರೈವೇಟ್_ಡೇಟಾದಲ್ಲಿಟ್ಟು, ಡಿವೈಸಿನ ಕ್ಲೈಂಟ್ ಪಟ್ಟಿಗೆ ಸೇರಿಸಿ. ಫ್ರೇಮ್ ಬಂದಾಗ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕ್ಯೂಗೂ ಒಂದೊಂದು ಪ್ರತಿ ಹಾಕಿ. ರಿಲೀಸ್‌ನಲ್ಲಿ ಪಟ್ಟಿಯಿಂದ ತೆಗೆದು ಮೆಮೊರಿ ಬಿಡಿ. ಪಟ್ಟಿಗೆ ಒಂದು ಸ್ಪಿನ್‌ಲಾಕ್ (ನಿದ್ರಿಸದೆ ಸುತ್ತುತ್ತಾ ಕಾಯುವ ಲಾಕ್) ಸಾಕು. ಕರ್ನಲ್‌ನ ಇನ್‌ಪುಟ್ ವಿಭಾಗದ ಇವ್‌ಡೆವ್ ಕೋಡ್ ಮಾಡುವುದೂ ಇದನ್ನೇ. ಒಂದು ಕೀಬೋರ್ಡನ್ನು ನಾಲ್ಕು ಪ್ರೋಗ್ರಾಂ ತೆರೆದರೂ ನಾಲ್ಕಕ್ಕೂ ಎಲ್ಲ ಕೀಗಳೂ ಸಿಗುತ್ತವೆ. ಆ ಫೈಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಬರೆಯಿರಿ.

ಲಿಂಕ್ಡ್ ಲಿಸ್ಟನ್ನು ಬಿಟ್ಟುಬಿಡಿ. ಓದುವ ಪ್ರೋಗ್ರಾಂ ಡೀಬಗರ್‌ನಲ್ಲಿ ನಿಂತಿದ್ದರೆ ನಿಮ್ಮ ಲಿಸ್ಟ್ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಮೆಮೊರಿ ಮುಗಿದು ಕರ್ನಲ್ ಸಂಬಂಧವೇ ಇಲ್ಲದ ಯಾವುದೋ ಪ್ರೋಗ್ರಾಮನ್ನು ಕೊಲ್ಲುತ್ತದೆ. ಕ್ಯೂಗೆ ಮಿತಿ ಇರಲೇಬೇಕು, ಅದರ ಮೆಮೊರಿಯನ್ನು ಓಪನ್‌ನಲ್ಲೇ ಒಂದು ಸಲಕ್ಕೆ ತೆಗೆದುಕೊಂಡಿರಬೇಕು.

ಇನ್ನು ಫ್ರೇಮ್ ಕಳೆದುಹೋಗುವ ವಿಷಯ. ಕ್ಯೂ ದೊಡ್ಡದು ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳುವ ಮೊದಲು ಎಲ್ಲಿ ಕಳೆಯುತ್ತಿದೆ ಎಂದು ತಿಳಿಯಬೇಕು. ಇಲ್ಲದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಕಳೆಯುವ ಜಾಗ ಎರಡು. ಒಂದು ಚಿಪ್ಪಿನ ಒಳಗೆ, ಇನ್ನೊಂದು ನಿಮ್ಮ ಕ್ಯೂನಲ್ಲಿ.

ಎಂಸಿಪಿ2515 ಒಳಗೆ ಸ್ವೀಕರಿಸುವ ಬಫರ್ ಎರಡೇ. 11 ಬಿಟ್ ಐಡಿ, 8 ಬೈಟ್ ಡೇಟಾ ಇರುವ ಫ್ರೇಮ್ ಸ್ಟಫಿಂಗ್ ಬಿಟ್‌ಗಳಿಲ್ಲದೆ (ಒಂದೇ ಬಗೆಯ ಬಿಟ್ ಸಾಲಾಗಿ ಬಂದಾಗ ನಡುವೆ ತೂರಿಸುವವು), ನಡುವಿನ 3 ಬಿಟ್ ಅಂತರವೂ ಸೇರಿ 111 ಬಿಟ್. 500 ಕೆಬಿಪಿಎಸ್‌ನಲ್ಲಿ ಅದು 222 ಮೈಕ್ರೊಸೆಕೆಂಡ್. ಮೊದಲ ಫ್ರೇಮ್ ಬಂದು ಇಂಟರಪ್ಟ್ (ಚಿಪ್ ಪ್ರೊಸೆಸರನ್ನು ಕರೆಯುವ ಸಂಕೇತ) ಎದ್ದಿತು ಅನ್ನಿ. 222ಕ್ಕೆ ಎರಡನೆಯದು ಬಂದು ಇನ್ನೊಂದು ಬಫರ್ ತುಂಬುತ್ತದೆ. 444ಕ್ಕೆ ಮೂರನೆಯದು ಮುಗಿಯುತ್ತದೆ, ಅಷ್ಟರಲ್ಲಿ ಮೊದಲನೆಯದನ್ನು ನೀವು ಓದಿರದಿದ್ದರೆ ಮೂರನೆಯದಕ್ಕೆ ಜಾಗವಿಲ್ಲ. ಡೇಟಾ ಇಲ್ಲದ ಫ್ರೇಮುಗಳಾದರೆ ಒಂದೊಂದು 47 ಬಿಟ್, 94 ಮೈಕ್ರೊಸೆಕೆಂಡ್. ಆಗ ನಿಮಗಿರುವ ಗಡುವು 188 ಮಾತ್ರ. ಇದೂ ಆರ್‌ಎಕ್ಸ್‌ಬಿ0 ಕಂಟ್ರೋಲ್ ರಿಜಿಸ್ಟರಿನ ಬಿಯುಕೆಟಿ ಬಿಟ್ ಹಾಕಿದ್ದರೆ. ಅದು ಹಾಕಿಲ್ಲದಿದ್ದರೆ ಮೊದಲ ಬಫರ್ ತುಂಬಿದಾಗ ಫ್ರೇಮ್ ಎರಡನೆಯದಕ್ಕೆ ಹೊರಳುವುದೇ ಇಲ್ಲ. ಮೊದಲು ಅದನ್ನು ನೋಡಿ.

ಇಲ್ಲಿ ಕಳೆದದ್ದು ಚಿಪ್ಪಿನ ಇಎಫ್‌ಎಲ್‌ಜಿ ಎಂಬ ಎರರ್ ರಿಜಿಸ್ಟರಿನಲ್ಲಿ ಗೊತ್ತಾಗುತ್ತದೆ. ಅದರ ವಿಳಾಸ ಹೆಕ್ಸ್ 2ಡಿ. ಬಿಟ್ 6 ಮೊದಲ ಬಫರಿನ ಓವರ್‌ಫ್ಲೋ, ಬಿಟ್ 7 ಎರಡನೆಯದರದು. ಚಿಪ್ ತಾನಾಗಿ ಇವನ್ನು ಅಳಿಸುವುದಿಲ್ಲ, ಬಿಟ್ ಮಾಡಿಫೈ ಕಮಾಂಡಿನಿಂದ ನೀವೇ ಅಳಿಸಬೇಕು. ಅಳಿಸುವ ಮುನ್ನ ಒಂದು ಕೌಂಟರ್ ಹೆಚ್ಚಿಸಿ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ) ತೋರಿಸಿ. ಈ ಕೌಂಟರ್ ಏರುತ್ತಿದ್ದರೆ ನೀವು ಕ್ಯೂವನ್ನು 1 ಲಕ್ಷ ಫ್ರೇಮಿನಷ್ಟು ಮಾಡಿದರೂ ಪ್ರಯೋಜನವಿಲ್ಲ. ಸರಿಮಾಡಬೇಕಾದದ್ದು ಇಂಟರಪ್ಟಿನ ದಾರಿ.

ಆ ದಾರಿಯನ್ನು ಹತ್ತಿರದಿಂದ ನೋಡೋಣ. ಎಸ್‌ಪಿಐ ವರ್ಗಾವಣೆಯಲ್ಲಿ ಕೋಡ್ ನಿದ್ರಿಸಬಹುದು, ಆದ್ದರಿಂದ ಹಾರ್ಡ್ ಇಂಟರಪ್ಟಿನಲ್ಲಿ ಅದನ್ನು ಕರೆಯುವಂತಿಲ್ಲ. ಕೆಲಸವನ್ನು ನಿದ್ರಿಸಬಲ್ಲ ಥ್ರೆಡ್ಡಿಗೆ ಒಪ್ಪಿಸುವ ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯು ಬಳಸಿ, ಥ್ರೆಡ್ ಮುಗಿಯುವವರೆಗೆ ಇಂಟರಪ್ಟನ್ನು ತಡೆದಿಡುವ ಒನ್‌ಶಾಟ್ ಫ್ಲ್ಯಾಗ್ ಕೊಡಿ. ಮೇಲಿನ ಹ್ಯಾಂಡ್ಲರ್ ಸಮಯವನ್ನು ಹಿಡಿದಿಟ್ಟು ಥ್ರೆಡ್ಡನ್ನು ಎಬ್ಬಿಸುವುದಷ್ಟೇ. ಥ್ರೆಡ್ಡಿನಲ್ಲಿ ರೀಡ್ ಆರ್‌ಎಕ್ಸ್ ಬಫರ್ ಕಮಾಂಡ್ ಕೊಡಿ: ಮೊದಲ ಬಫರಿಗೆ ಹೆಕ್ಸ್ 90, ಎರಡನೆಯದಕ್ಕೆ ಹೆಕ್ಸ್ 94. ಒಂದು ಬೈಟ್ ಕಮಾಂಡ್, 13 ಬೈಟ್ ಫ್ರೇಮ್. 10 ಮೆಗಾಹರ್ಟ್ಸ್‌ನಲ್ಲಿ ತಂತಿಯ ಮೇಲೆ ಇದು 11 ಮೈಕ್ರೊಸೆಕೆಂಡ್ ಚಿಲ್ಲರೆ. ಚಿಪ್ ಸೆಲೆಕ್ಟ್ ಮೇಲೇರಿದ ಕೂಡಲೇ ಆ ಬಫರಿನ ಫ್ಲ್ಯಾಗ್ ತಾನೇ ಅಳಿಯುತ್ತದೆ. ಹಾಗಾಗಿ ಫ್ಲ್ಯಾಗ್ ಅಳಿಸಲು ಇನ್ನೊಂದು ವರ್ಗಾವಣೆ ಬೇಡ. ಒಂದೊಂದು ರಿಜಿಸ್ಟರನ್ನು ಬೇರೆಬೇರೆ ಓದುವ ಕೋಡ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಪ್ರತಿ ವರ್ಗಾವಣೆಯ ಹಿಂದೆ ಇರುವ ಸಾಫ್ಟ್‌ವೇರ್ ಖರ್ಚು ತಂತಿಯ ಖರ್ಚಿಗಿಂತ ದೊಡ್ಡದು.

ಬಹಳ ಜನ ಬೀಳುವ ಗುಂಡಿ ಇಲ್ಲಿದೆ. ಚಿಪ್ಪಿನ ಇಂಟರಪ್ಟ್ ಪಿನ್, ಯಾವುದಾದರೂ ಒಂದು ಫ್ಲ್ಯಾಗ್ ಉಳಿದಿರುವವರೆಗೆ ಕೆಳಗೇ ಇರುತ್ತದೆ. ಡಿವೈಸ್ ಟ್ರೀನಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರದ ಫೈಲು) ಇಂಟರಪ್ಟಿನ ಬಗೆಯನ್ನು 2 ಎಂದು, ಅಂದರೆ ಬೀಳುವ ಅಂಚು ಎಂದು ಬರೆದಿದ್ದೀರಿ ಅನ್ನಿ. ಮೊದಲ ಬಫರನ್ನು ಓದುತ್ತಿರುವಾಗಲೇ ಎರಡನೆಯದು ತುಂಬಿತು. ನೀವು ಒಂದನ್ನು ಓದಿ ಹೊರಬಂದಿರಿ. ಪಿನ್ ಮೇಲೇರಲೇ ಇಲ್ಲ, ಆದ್ದರಿಂದ ಮತ್ತೆ ಬೀಳುವ ಅಂಚೂ ಇಲ್ಲ, ಇಂಟರಪ್ಟೂ ಇಲ್ಲ. ಡ್ರೈವರ್ ಸದ್ದಿಲ್ಲದೆ ಕಿವುಡಾಗುತ್ತದೆ, ಅದೂ ಬಸ್ ತುಂಬಿದಾಗ ಮಾತ್ರ. ಆದ್ದರಿಂದ 8 ಎಂದು, ಅಂದರೆ ಕೆಳ ಮಟ್ಟ ಎಂದು ಬರೆಯಿರಿ. ಬೋರ್ಡಿನ ಜಿಪಿಐಒ (ಸಾಮಾನ್ಯ ಬಳಕೆಯ ಪಿನ್) ಮಟ್ಟದ ಇಂಟರಪ್ಟ್ ಕೊಡದಿದ್ದರೆ ಅಂಚನ್ನೇ ಇಟ್ಟುಕೊಂಡು, ಇಂಟರಪ್ಟ್ ಫ್ಲ್ಯಾಗ್‌ಗಳಿರುವ ಕ್ಯಾನ್‌ಐಎನ್‌ಟಿಎಫ್ ರಿಜಿಸ್ಟರ್ ಸೊನ್ನೆ ಎಂದು ಓದಿಬರುವವರೆಗೆ ಥ್ರೆಡ್ಡಿನಲ್ಲಿ ಸುತ್ತಿ. ಮಟ್ಟದಲ್ಲೂ ಒಂದು ಎಚ್ಚರಿಕೆ ಬೇಕು: ಎರರ್ ಇಂಟರಪ್ಟ್ ಚಾಲೂ ಮಾಡಿ ಅದರ ಫ್ಲ್ಯಾಗ್ ಅಳಿಸುವುದನ್ನು ಮರೆತರೆ ಪಿನ್ ಕೆಳಗೇ ಉಳಿದು ಥ್ರೆಡ್ ಬಿಡುವಿಲ್ಲದೆ ಓಡುತ್ತದೆ.

ಕ್ಯೂನಲ್ಲಿ ಹಾಕುವ ದಾಖಲೆ ಸ್ಥಿರ ಅಳತೆಯದ್ದಾಗಿರಲಿ. ನಾನು ಹೀಗೆ ಇಡುತ್ತೇನೆ: 8 ಬೈಟ್ ಸಮಯ, 4 ಬೈಟ್ ಐಡಿ, 1 ಬೈಟ್ ಉದ್ದ, 1 ಬೈಟ್ ಫ್ಲ್ಯಾಗ್‌ಗಳು, 2 ಬೈಟ್ "ಇದಕ್ಕೆ ಮುಂಚೆ ಕಳೆದದ್ದೆಷ್ಟು", 8 ಬೈಟ್ ಡೇಟಾ. ಒಟ್ಟು 24. ನಡುವೆ ಖಾಲಿ ಬೈಟ್ ಇಲ್ಲ, ಹಾಗಾಗಿ 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಓಡಿದರೂ ಅಳತೆ ಬದಲಾಗುವುದಿಲ್ಲ. ತುಂಬುವ ಮುಂಚೆ ಇಡೀ ಸ್ಟ್ರಕ್ಚರನ್ನು ಸೊನ್ನೆ ಮಾಡಿ. 3 ಬೈಟ್ ಡೇಟಾದ ಫ್ರೇಮ್ ಬಂದಾಗ ಉಳಿದ 5 ಬೈಟುಗಳಲ್ಲಿ ಕರ್ನಲ್ ಸ್ಟ್ಯಾಕಿನ ಹಳೆಯ ಕಸ ಯೂಸರ್ ಕೈಗೆ ಹೋಗಬಾರದು. ಸಮಯಕ್ಕೆ ಕೆಟೈಮ್_ಗೆಟ್ ಬಳಸಿ, ಪ್ರೋಗ್ರಾಂ ಅದನ್ನು ಮಾನೊಟಾನಿಕ್ ಗಡಿಯಾರದ ಜೊತೆ ನೇರವಾಗಿ ಹೋಲಿಸಬಹುದು. ಮೇಲಿನ ಹ್ಯಾಂಡ್ಲರ್ ಹಿಡಿದ ಸಮಯ ಆ ಸುತ್ತಿನ ಮೊದಲ ಫ್ರೇಮಿಗೆ ಮಾತ್ರ ಸರಿ. ಉಳಿದವಕ್ಕೆ ಓದುವ ಹೊತ್ತಿನ ಸಮಯವನ್ನೇ ಹಾಕಿ.

ಕ್ಯೂ ಎಷ್ಟು ದೊಡ್ಡದು? ಪೂರ್ತಿ ತುಂಬಿದ ಬಸ್ಸಿನಲ್ಲಿ 8 ಬೈಟ್ ಫ್ರೇಮುಗಳು ಸೆಕೆಂಡಿಗೆ ಸುಮಾರು 4500. ಓದುವ ಪ್ರೋಗ್ರಾಂ ಎಸ್‌ಡಿ ಕಾರ್ಡಿಗೆ ಲಾಗ್ ಬರೆಯುತ್ತಾ 100 ಮಿಲಿಸೆಕೆಂಡ್ ತಡೆದು ನಿಲ್ಲುವುದು ಅಪರೂಪವಲ್ಲ. ಅಷ್ಟರಲ್ಲಿ 450 ಫ್ರೇಮ್. ಕೆಫೈಫೊ ಅಳತೆ 2ರ ಘಾತವಾಗಿರಬೇಕು, ಹಾಗಾಗಿ 512. ಒಬ್ಬೊಬ್ಬರಿಗೆ 12 ಕೆಬಿ. ಡೇಟಾ ಇಲ್ಲದ ಫ್ರೇಮುಗಳೇ ಹೆಚ್ಚಿದ್ದರೆ ಸೆಕೆಂಡಿಗೆ 10,600 ದಾಟುತ್ತದೆ, ಆಗ 2048 ಇಡಿ, 48 ಕೆಬಿ.

ತುಂಬಿದಾಗ ಏನು ಮಾಡುವುದು ಎನ್ನುವುದನ್ನು ಅದೃಷ್ಟಕ್ಕೆ ಬಿಡಬೇಡಿ. ಹಳೆಯದನ್ನು ತಳ್ಳಿ ಹೊಸದನ್ನು ಹಾಕುವ ಆಸೆ ಸಹಜ. ಆದರೆ ಕೆಫೈಫೊಗೆ ಲಾಕ್ ಬೇಡ ಎನ್ನುವುದು ಒಬ್ಬ ಬರೆಯುವವ, ಒಬ್ಬ ಓದುವವ ಇರುವಾಗ ಮಾತ್ರ. ಬರೆಯುವವನೇ ಹಳೆಯದನ್ನು ತೆಗೆದರೆ ಅವನು ಓದುವವನ ಸೂಚಿಗೆ ಕೈಹಾಕಿದ ಹಾಗೆ. ಆಗ ಎರಡೂ ಕಡೆ ಲಾಕ್ ಬೇಕು, ಮತ್ತು ಸ್ಪಿನ್‌ಲಾಕ್ ಹಿಡಿದು ಕೆಫೈಫೊ_ಟು_ಯೂಸರ್ ಕರೆಯುವಂತಿಲ್ಲ, ಏಕೆಂದರೆ ಅದು ಪೇಜ್ ಫಾಲ್ಟಿನಲ್ಲಿ ನಿದ್ರಿಸಬಹುದು. ನಾನು ಹೊಸದನ್ನೇ ಬಿಡುತ್ತೇನೆ: ಜಾಗವಿಲ್ಲದಿದ್ದರೆ ಆ ಕ್ಲೈಂಟಿನ ಎಣಿಕೆ ಒಂದು ಹೆಚ್ಚು. ಮುಂದೆ ಜಾಗ ಸಿಕ್ಕಾಗ ಹೋಗುವ ಮೊದಲ ಫ್ರೇಮಿನ 2 ಬೈಟಿನಲ್ಲಿ ಆ ಎಣಿಕೆ ಬರೆದು ಸೊನ್ನೆ ಮಾಡುತ್ತೇನೆ. 65535 ಮುಟ್ಟಿದರೆ ಅಲ್ಲೇ ನಿಲ್ಲಿಸಿ, ಸುತ್ತಿಬರಲು ಬಿಡಬೇಡಿ. ಹೀಗೆ ಮಾಡಿದರೆ ಓದುವವರಿಗೆ ಎಷ್ಟು ಕಳೆದಿದೆ ಎನ್ನುವುದರ ಜೊತೆಗೆ ಎಲ್ಲಿ ಕಳೆದಿದೆ ಎನ್ನುವುದೂ ತಿಳಿಯುತ್ತದೆ. ಐಎಸ್‌ಒ-ಟಿಪಿಯಂತೆ ಹಲವು ಫ್ರೇಮ್ ಸೇರಿ ಒಂದು ಸಂದೇಶವಾಗುವಲ್ಲಿ ಇದಿಲ್ಲದೆ ಕೆಲಸ ನಡೆಯುವುದಿಲ್ಲ. ನಿಮ್ಮ ಪ್ರೋಗ್ರಾಮಿಗೆ ಬೇಕಾಗಿರುವುದು ಎಂಜಿನ್ ವೇಗದಂಥ ಇತ್ತೀಚಿನ ಮೌಲ್ಯ ಮಾತ್ರ ಎಂದಾದರೆ ಕ್ಯೂವೇ ತಪ್ಪು ಸಾಧನ, ಐಡಿಗೊಂದು ಖಾನೆ ಇಟ್ಟು ಮೇಲೆಮೇಲೆ ಬರೆಯಿರಿ.

ಚಿಪ್ಪಿನ ಓವರ್‌ಫ್ಲೋ ಆದಾಗ ಮುಂದಿನ ಫ್ರೇಮಿನ ಫ್ಲ್ಯಾಗ್ ಬೈಟಿನಲ್ಲಿ ಒಂದು ಬಿಟ್ ಹಾಕಿ, ಎಲ್ಲ ಕ್ಲೈಂಟುಗಳಿಗೂ.

ರೀಡ್ ಬರೆಯುವಾಗ ಮೊದಲಿಗೆ, ಕೇಳಿದ ಅಳತೆ 24ಕ್ಕಿಂತ ಕಡಿಮೆಯಿದ್ದರೆ ಮೈನಸ್ ಇಐಎನ್‌ವಿಎಎಲ್ (ತಪ್ಪು ಕೋರಿಕೆ ಎಂಬ ಎರರ್) ಹಿಂದಿರುಗಿಸಿ. ಹೆಚ್ಚಿದ್ದರೆ 24ರ ಗುಣಕಕ್ಕೆ ಇಳಿಸಿ. ಕ್ಯೂ ಖಾಲಿಯಿದ್ದು ನಾನ್‌ಬ್ಲಾಕ್ ಫ್ಲ್ಯಾಗ್ (ಕಾಯಬೇಡ ಎಂಬ ಸೂಚನೆ) ಇದ್ದರೆ ಮೈನಸ್ ಇಎಗೇನ್ (ಆಮೇಲೆ ಮತ್ತೆ ಕೇಳು). ಇಲ್ಲದಿದ್ದರೆ ವೇಟ್_ಈವೆಂಟ್_ಇಂಟರಪ್ಟಿಬಲ್‌ನಲ್ಲಿ ಕಾಯಿರಿ, ಸಿಗ್ನಲ್ ಬಂದರೆ ಅದು ಕೊಟ್ಟ ಇರೀಸ್ಟಾರ್ಟ್‌ಸಿಸ್ ಅನ್ನೇ ಹಿಂದಿರುಗಿಸಿ. ಖಾಲಿಯಿದ್ದಾಗ ಸೊನ್ನೆ ಹಿಂದಿರುಗಿಸಬೇಡಿ. ಯೂಸರ್ ಕಡೆಗೆ ಸೊನ್ನೆ ಅಂದರೆ ಫೈಲ್ ಮುಗಿಯಿತು ಎಂದರ್ಥ, ಪ್ರೋಗ್ರಾಂ ಮುಚ್ಚಿಕೊಂಡು ಹೊರಡುತ್ತದೆ. ಕಾಯುವುದು ಮ್ಯೂಟೆಕ್ಸಿನ ಹೊರಗೆ ಇರಲಿ. ಎದ್ದ ಮೇಲೆ ಮ್ಯೂಟೆಕ್ಸ್ ಹಿಡಿದು ಮತ್ತೊಮ್ಮೆ ನೋಡಿ, ಅಷ್ಟರಲ್ಲಿ ಅದೇ ಫೈಲನ್ನು ಹಂಚಿಕೊಂಡ ಇನ್ನೊಂದು ಥ್ರೆಡ್ ತೆಗೆದುಕೊಂಡಿದ್ದರೆ ಬಿಟ್ಟು ಮತ್ತೆ ಕಾಯಿರಿ. ಇದ್ದಷ್ಟು ದಾಖಲೆಗಳನ್ನು ಕೊಟ್ಟುಬಿಡಿ, ಕೇಳಿದ ಬಫರ್ ತುಂಬಲಿ ಎಂದು ಕಾಯಬೇಡಿ.

ಪೋಲ್‌ನಲ್ಲಿ (ಓದಲು ಏನಾದರೂ ಇದೆಯೇ ಎಂದು ಪ್ರೋಗ್ರಾಂ ಕೇಳುವ ಕರೆ) ಮೊದಲು ಪೋಲ್_ವೇಟ್, ಆಮೇಲೆ ಕ್ಯೂ ನೋಡುವುದು. ಹೆಸರು ಹಾಗಿದ್ದರೂ ಅದು ಕಾಯುವುದಿಲ್ಲ, ಹೆಸರು ನೋಂದಾಯಿಸುತ್ತದೆ ಅಷ್ಟೆ. ಕ್ರಮ ತಿರುಗಿಸಿದರೆ ನೋಡಿದ್ದಕ್ಕೂ ನೋಂದಾಯಿಸಿದ್ದಕ್ಕೂ ನಡುವೆ ಬಂದ ಫ್ರೇಮಿನ ಎಚ್ಚರಿಕೆ ತಪ್ಪಿಹೋಗುತ್ತದೆ. ಥ್ರೆಡ್ಡಿನಲ್ಲಿ ಎಬ್ಬಿಸುವ ಕರೆ ಫ್ರೇಮಿಗೊಂದು ಬೇಡ, ಚಿಪ್ ಖಾಲಿಯಾದ ಮೇಲೆ ಕ್ಲೈಂಟಿಗೊಂದು ಸಾಕು.

ಡ್ರೈವರ್ ಕಳಚುವಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಡಿವೈಸಿನ ಸ್ಟ್ರಕ್ಚರನ್ನು ಡೆವ್ಎಂ_ಕೆಝಡ್ಅಲಾಕ್‌ನಿಂದ ಪಡೆದಿದ್ದರೆ, ಅನ್‌ಬೈಂಡ್ ಮಾಡಿದ ಕೂಡಲೇ ಆ ಮೆಮೊರಿ ಹೋಗುತ್ತದೆ. ಆದರೆ ತೆರೆದ ಫೈಲುಗಳು ಇನ್ನೂ ತೆರೆದೇ ಇರುತ್ತವೆ, ಅವುಗಳ ರಿಲೀಸ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಸಾಮಾನ್ಯ ಕೆಝಡ್ಅಲಾಕ್ ಬಳಸಿ ಕೆರೆಫ್ (ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ) ಇಡಿ, ಪ್ರತಿ ಓಪನ್ ಒಂದು ಹಿಡಿತ ತೆಗೆದುಕೊಳ್ಳಲಿ. ರಿಮೂವ್‌ನಲ್ಲಿ ಮೊದಲು ಫ್ರೀ_ಐಆರ್‌ಕ್ಯು, ಅದು ಓಡುತ್ತಿರುವ ಥ್ರೆಡ್ ಮುಗಿಯುವವರೆಗೆ ಕಾಯುತ್ತದೆ. ಆಮೇಲೆ "ಸತ್ತಿದೆ" ಎಂಬ ಗುರುತು ಹಾಕಿ ಎಲ್ಲರನ್ನೂ ಎಬ್ಬಿಸಿ. ಕಾಯುತ್ತಿದ್ದ ರೀಡ್ ಮೈನಸ್ ಇನೋಡೆವ್ (ಡಿವೈಸ್ ಇಲ್ಲ) ಕೊಡಬೇಕು, ಪೋಲ್ ಹಂಗಪ್ ತೋರಿಸಬೇಕು.

ಪರೀಕ್ಷೆಗೆ ಬಸ್ಸಿನ ಇನ್ನೊಂದು ತುದಿಗೆ ಸಾಕೆಟ್‌ಕ್ಯಾನ್ ಇರುವ ಬೇರೆ ಬೋರ್ಡ್ ಇಟ್ಟು, ಕ್ಯಾನ್-ಯುಟಿಲ್ಸ್‌ನ ಕ್ಯಾನ್‌ಜೆನ್ ಓಡಿಸಿ: ಅಂತರ 0, ಉದ್ದ 8, ಡೇಟಾ ಏರಿಕೆ ಕ್ರಮದಲ್ಲಿ. ಕಳುಹಿಸುವ ಕಡೆ "ಬಫರಿನಲ್ಲಿ ಜಾಗವಿಲ್ಲ" ಎಂದು ನಿಂತರೆ ಅಲ್ಲಿಯ ಕ್ಯೂ ಉದ್ದ 10 ಇರುತ್ತದೆ, ಅದನ್ನು ಹೆಚ್ಚಿಸಿ. ನಿಮ್ಮ ಕಡೆಯ ಕರ್ನಲ್‌ನಲ್ಲಿ ಡೀಬಗ್ ಅಟಾಮಿಕ್ ಸ್ಲೀಪ್, ಪ್ರೂವ್ ಲಾಕಿಂಗ್ ಎಂಬ ತಪಾಸಣೆಯ ಆಯ್ಕೆಗಳೆರಡನ್ನೂ ಚಾಲೂ ಮಾಡಿರಿ. ಎರಡು ಓದುವ ಪ್ರೋಗ್ರಾಂ ಓಡಿಸಿ, ಒಂದಕ್ಕೆ ಸಿಗ್‌ಸ್ಟಾಪ್ (ನಿಲ್ಲಿಸುವ ಸಿಗ್ನಲ್) ಕೊಟ್ಟು ಒಂದು ಸೆಕೆಂಡ್ ಬಿಟ್ಟು ಸಿಗ್‌ಕಾಂಟ್ (ಮುಂದುವರಿಸುವ ಸಿಗ್ನಲ್) ಕೊಡಿ. ಬಸ್ ಪೂರ್ತಿ ತುಂಬಿದ್ದರೆ ಅದಕ್ಕೆ ಮೊದಲು 512 ಹಳೆಯ ಫ್ರೇಮುಗಳು, ಆಮೇಲೆ 4000ದ ಆಸುಪಾಸಿನ ಎಣಿಕೆ ಹೊತ್ತ ಒಂದು ಫ್ರೇಮ್ ಬರಬೇಕು. ಡೇಟಾದ ಸಂಖ್ಯೆ ಅಲ್ಲಿ ಸರಿಯಾಗಿ ಅಷ್ಟೇ ಜಿಗಿದಿರಬೇಕು. ಇನ್ನೊಂದು ಪ್ರೋಗ್ರಾಮಿನಲ್ಲಿ ಒಂದೂ ತಪ್ಪಿರಬಾರದು. ಜಿಗಿತ ಎಣಿಕೆಗಿಂತ ಹೆಚ್ಚಿದ್ದರೆ ಇಎಫ್‌ಎಲ್‌ಜಿ ಕೌಂಟರ್ ನೋಡಿ. ಅದೂ ಸೊನ್ನೆಯಿದ್ದರೆ, ಚಿಪ್ಪಿನಿಂದ ಓದಿದ ಮೇಲೆ ಕ್ಯೂಗೆ ಹಾಕುವ ಮೊದಲು ಎಲ್ಲೋ ಎಸೆಯುತ್ತಿದ್ದೀರಿ. ಎಸ್‌ಪಿಐ ವರ್ಗಾವಣೆ ಸೋತಾಗ ಥ್ರೆಡ್ ಏನು ಮಾಡುತ್ತದೆ ಎಂಬಲ್ಲಿಂದ ಹುಡುಕಿ.