ರಾಜ್‌ಕುಮಾರ್ ತಡವಾಗಿ ಹಾಡಲು ಕಲಿತರೇ?

ಪ್ರಶ್ನೆ: ಡಾ. ರಾಜ್‌ಕುಮಾರ್ ಅವರ ಹಳೆಯ ಚಿತ್ರಗಳಲ್ಲಿ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರ ಕಂಠವೇ ಕೇಳಿಬರುತ್ತದೆ. ನಲವತ್ತೈದರ ಆಸುಪಾಸಿನಲ್ಲಿ ಅವರು ಇದ್ದಕ್ಕಿದ್ದಂತೆ ಗಾಯಕರಾದದ್ದು ಹೇಗೆ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಇದ್ದಕ್ಕಿದ್ದಂತೆ ಆದದ್ದಲ್ಲ, ಹಾಡುಗಾರಿಕೆ ಅವರಿಗೆ ಅಭಿನಯದ ಜೊತೆಜೊತೆಗೇ ಬಂದಿತ್ತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರಾಗಿದ್ದರಿಂದ, ಮುತ್ತುರಾಜ ಎಂಬ ಹುಡುಗ ಬಾಲ್ಯದಲ್ಲೇ ಬಣ್ಣ ಹಚ್ಚಿದ. ಕಂಪನಿ ನಾಟಕದಲ್ಲಿ ಮಾತು ಬಲ್ಲವನೆಂದ ಮಾತ್ರಕ್ಕೆ ಯಾರೂ ನಟನಾಗುತ್ತಿರಲಿಲ್ಲ: ಹಾರ್ಮೋನಿಯಂ ಶ್ರುತಿಗೆ ಕಂದಪದ್ಯವನ್ನೋ ರಂಗಗೀತೆಯನ್ನೋ ಎತ್ತಿಕೊಂಡು, ಕೊನೆಯ ಸಾಲಿನವರಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುವಂತೆ ಹಾಡಿ, 'ಒನ್ಸ್ ಮೋರ್' ಬಂದರೆ ಅದೇ ಕಳೆಯಿಂದ ಮತ್ತೊಮ್ಮೆ ಹಾಡಬೇಕಾಗಿತ್ತು.

1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಕಂಡಾಗ ಚಿತ್ರರಂಗದಲ್ಲಿ ಹಿನ್ನೆಲೆ ಗಾಯನದ ಪದ್ಧತಿ ಬೇರೂರಿತ್ತು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರೊಡನೆ ಯುಗಳಗೀತೆ ಹಾಡಿದರೂ, ಮುಂದೆ ಬಹುಕಾಲ ಅವರ ಹಾಡುಗಳು ಶ್ರೀನಿವಾಸ್ ಅವರ ಪಾಲಾದವು. ಕಾಕಿನಾಡದಲ್ಲಿ ಹುಟ್ಟಿದ ಆ ಮಹನೀಯರು ಕನ್ನಡವನ್ನು ಎಷ್ಟು ಒಲಿಸಿಕೊಂಡಿದ್ದರೆಂದರೆ, ಅದು ರಾಜ್ ಅವರದೇ ದನಿ ಎಂದು ನಂಬಿದ ಪ್ರೇಕ್ಷಕರನ್ನು ದೂರುವಂತಿಲ್ಲ.

1974ರ 'ಸಂಪತ್ತಿಗೆ ಸವಾಲ್' ಸಮಯದಲ್ಲಿ ಶ್ರೀನಿವಾಸ್ ಅವರಿಗೆ ಅನಾರೋಗ್ಯವಾದ್ದರಿಂದ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ನಾಯಕನಿಂದಲೇ 'ಯಾರೇ ಕೂಗಾಡಲಿ' ಹಾಡಿಸಿದರು. ಆ ಚಿತ್ರಕ್ಕೆ ಮೂಲ ಕಂಪನಿ ನಾಟಕಗಳನ್ನು ಬರೆದ ಧುತ್ತರಗಿಯವರ ನಾಟಕವೆಂಬುದನ್ನು ನೆನೆದರೆ, ಕಂಪನಿಯ ದನಿ ಕಂಪನಿಯ ಕಥೆಯ ಮೂಲಕವೇ ಮರಳಿತೆಂದು ನನಗೆ ಅನ್ನಿಸುತ್ತದೆ. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಗೀತೆಯಲ್ಲಿ ಮಾತು ಎಲ್ಲಿ ಮುಗಿದು ರಾಗ ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯಲಾಗದು. ಅಭಿನಯಿಸುತ್ತಲೇ ಹಾಡುವ ಈ ಗುಣ ರಂಗಭೂಮಿಯದು.

ಅಲ್ಲಿಂದಾಚೆಗೆ ತಮ್ಮ ಹಾಡುಗಳನ್ನು ಬಹುತೇಕ ಅವರೇ ಹಾಡಿಕೊಂಡರು. 'ಬಭ್ರುವಾಹನ'ದಲ್ಲಿ ಅರ್ಜುನ, ಬಭ್ರುವಾಹನ ಎರಡೂ ಪಾತ್ರ ಅವರದೇ ಆದ್ದರಿಂದ, ತಂದೆಮಕ್ಕಳ ವಾಗ್ಯುದ್ಧದ ಹಾಡಿಗೆ ಶ್ರೀನಿವಾಸ್ ಅವರೂ ದನಿಗೂಡಿಸಿದರು. ತಾವು ಅದನ್ನು ಕಣ್ಣು ಮುಚ್ಚಿ ಕೇಳಬೇಕು: ಪೌರಾಣಿಕ ನಾಟಕದ ಸವಾಲು-ಜವಾಬಿನ ಪದ್ಯಗಳ ಗತ್ತು ಅಲ್ಲಿ ಹಾಗೆಯೇ ಉಳಿದಿದೆ. 1992ರ 'ಜೀವನ ಚೈತ್ರ'ದ 'ನಾದಮಯ' ಗೀತೆಗೆ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು.