ಫ್ರೈಬುರ್ಗ್‌ಗೆ ಓದಲು ಬರಲಿರುವ ತೀರ್ಥಹಳ್ಳಿಯ ತಂಗಿಗೆ

ನಮಸ್ಕಾರ. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಅರಣ್ಯ ವಿಜ್ಞಾನದ ಸ್ನಾತಕೋತ್ತರ ಪದವಿಗೆ ನಿಮಗೆ ಸೀಟು ಸಿಕ್ಕಿರುವುದು ತಿಳಿದು ಬಹಳ ಸಂತೋಷವಾಯಿತು. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಬೇರೊಂದು ದೇಶದ ಅನಾಥಾಲಯದಲ್ಲಿ ಎರಡು ವಾರ ಪಾಠ ಹೇಳಿದರೆ ‘ಜಾಗತಿಕ ನಾಗರಿಕ’ ಎಂಬ ಪ್ರಮಾಣಪತ್ರ ಕೊಡುತ್ತೇವೆಂದು ಒಂದು ಏಜೆನ್ಸಿ ದೊಡ್ಡ ಮೊತ್ತ ಕೇಳುತ್ತಿದೆ, ಕಟ್ಟಬಹುದೇ ಎಂಬುದು ಮೊದಲನೆಯದು. ಹೊರಗಿನಿಂದ ಬಂದ ವಿದ್ಯಾರ್ಥಿನಿಯನ್ನು ಇಲ್ಲಿನವರು ತಮ್ಮ ಸೇವಾ ಕೆಲಸಗಳಿಗೆ ಸೇರಿಸಿಕೊಳ್ಳುತ್ತಾರೆಯೇ ಎಂಬುದು ಎರಡನೆಯದು. ಸಾಗರ ಸೀಮೆಯಿಂದ ಬಂದು ಈ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವವಳಾಗಿ ನನಗೆ ಕಂಡಷ್ಟನ್ನು ಬರೆಯುತ್ತಿದ್ದೇನೆ.

ಏಜೆನ್ಸಿಗೆ ಹಣ ಕಟ್ಟಬೇಡಿ. ಎರಡೆರಡು ವಾರಕ್ಕೆ ಹೊಸಬರು ಬಂದು, ಹಚ್ಚಿಕೊಂಡು, ಫೋಟೊ ತೆಗೆಸಿಕೊಂಡು ಹೋಗುವುದರಿಂದ ತಂದೆತಾಯಿಯಿಲ್ಲದ ಮಕ್ಕಳಿಗೆ ಆಗುವುದು ಮತ್ತೆ ಮತ್ತೆ ಅಗಲಿಕೆಯ ನೋವು ಮಾತ್ರ. ಜರ್ಮನಿಯಲ್ಲಿ ಮಕ್ಕಳೊಂದಿಗೆ ನಿಯಮಿತವಾಗಿ ಕೆಲಸ ಮಾಡುವ ಸ್ವಯಂಸೇವಕರಿಂದಲೂ ಅಪರಾಧ ದಾಖಲೆಯ ಪ್ರಮಾಣಪತ್ರ ಕೇಳುತ್ತಾರೆ. ಹಣವನ್ನಷ್ಟೇ ಕೇಳಿ ಬೇರೇನನ್ನೂ ವಿಚಾರಿಸದ ಕಡೆ ಮಕ್ಕಳ ಹಿತ ಯಾರ ಹೊಣೆ ಎಂದು ನೀವೇ ಯೋಚಿಸಿ. ನಿಮಗೂ ಆ ಹಣ ಬೇರೆಡೆ ಬೇಕಾಗುತ್ತದೆ. ವೀಸಾಗಾಗಿ ತೋರಿಸಬೇಕಾದ ವಾರ್ಷಿಕ ಮೊತ್ತವನ್ನು 2024ರಲ್ಲಿ 11,904 ಯೂರೊಗೆ ಏರಿಸಿದ್ದಾರೆ. ಫ್ರೈಬುರ್ಗ್ ಇರುವ ಬಾಡನ್-ವುರ್ಟೆಂಬೆರ್ಗ್ ರಾಜ್ಯ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವನ್ನೂ ಪಡೆಯುತ್ತಿದೆ.

ಎರಡನೆಯ ಪ್ರಶ್ನೆಗೆ, ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ ಎಂಬುದೇ ಉತ್ತರ. ಈ ದೇಶದ ಸಾರ್ವಜನಿಕ ಜೀವನದ ಬಹುಭಾಗ ಸಂಬಳವಿಲ್ಲದ ಕೆಲಸದ ಮೇಲೆ ನಿಂತಿದೆ. ಹಳ್ಳಿಗಳಲ್ಲಿ ಬೆಂಕಿ ಬಿದ್ದರೆ ಓಡಿ ಬರುವವರು ಬೇರೆ ಕಸುಬಿನಲ್ಲಿರುವ ಸ್ವಯಂಸೇವಕರೇ. ಅಂಗಡಿಗಳಲ್ಲಿ ಉಳಿದ ಬ್ರೆಡ್ಡು, ತರಕಾರಿಗಳನ್ನು ಆರಿಸಿ ಬಡವರಿಗೆ ಹಂಚುವ ‘ಟಾಫೆಲ್’ ಕೇಂದ್ರಗಳು 1993ರಲ್ಲಿ ಬರ್ಲಿನ್‌ನಲ್ಲಿ ಆರಂಭವಾಗಿ ಈಗ ಎಲ್ಲೆಡೆ ಇವೆ. ಇಲ್ಲೆಲ್ಲ ನಮ್ಮ ಕಡೆಯ ಮುಯ್ಯಾಳಿನಂತೆಯೇ ನಡೆಯುತ್ತದೆ: ಹೇಳಿದ ದಿನ ಬಂದವರನ್ನು ನೆನಪಿಡುತ್ತಾರೆ, ಮುಂದಿನ ಸಲವೂ ಎದುರು ನೋಡುತ್ತಾರೆ.

ನಿಮ್ಮ ಓದಿಗೆ ಹತ್ತಿರವಾದದ್ದು ಶ್ವಾರ್ಟ್ಸ್‌ವಾಲ್ಡ್‌ಫೆರೈನ್. 1864ರಲ್ಲಿ ಹುಟ್ಟಿ, ಬ್ಲಾಕ್ ಫಾರೆಸ್ಟ್ ಎಂದು ಹೆಸರಾದ ಇಲ್ಲಿನ ಬೆಟ್ಟಸಾಲಿನ ಕಾಲುದಾರಿಗಳನ್ನು ನೋಡಿಕೊಳ್ಳುವ ಸಂಘ ಅದು. ಕೆಲಸ ನೋಡಲು ಸಣ್ಣದು. ಮರದ ಮೇಲಿನ ಪಾಚಿಯನ್ನು ಬ್ರಷ್‌ನಿಂದ ಉಜ್ಜಿ, ದಾರಿಗೆ ಅಡ್ಡ ಬಂದ ಕೊಂಬೆಯನ್ನು ಕತ್ತರಿಸಿ, ಹಳದಿ ವಜ್ರಾಕೃತಿಯ ಗುರುತನ್ನು ಎರಡೂ ದಿಕ್ಕಿನಿಂದ ಬರುವವರಿಗೆ ಕಾಣುವ ಹಾಗೆ ಹೊಡೆಯಬೇಕು. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ, ದಾರಿ ಗೊತ್ತಿಲ್ಲದವರ ಕಣ್ಣಿನಿಂದ ಅದನ್ನು ನೋಡಬೇಕು. ಕೆಲಸ ಮುಗಿದ ಮೇಲೆ ಎಲ್ಲರೂ ಕಾಲುಚೀಲ ಕಳಚಿ, ಮೊಣಕಾಲಿನ ಹಿಂಭಾಗದಲ್ಲಿ ಉಣುಗು ಹತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಾರೆ. ಏಕೆಂದರೆ ಈ ರಾಜ್ಯದ ಬಹುಪಾಲು ಪ್ರದೇಶದಲ್ಲಿ ಉಣುಗಿನಿಂದ ಹರಡುವ ಎಫ್‌ಎಸ್‌ಎಂಇ ಎಂಬ ಮಿದುಳಿನ ಉರಿಯೂತದ ಅಪಾಯವಿದೆ.

ಒಮ್ಮೆ ಹಾಗೆ ಕುಳಿತಿದ್ದಾಗ ನಾನು, ಉಣುಗಿನಿಂದಲೇ ಹರಡುವ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಮಾತೆತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗದ ವೈರಸ್ ಮತ್ತು ಇಲ್ಲಿನ ಉರಿಯೂತದ ವೈರಸ್ ಒಂದೇ ಕುಟುಂಬಕ್ಕೆ ಸೇರಿದವು. ಇಲ್ಲಿ ಮೂರು ಡೋಸಿನ ಪರಿಣಾಮಕಾರಿ ಲಸಿಕೆ ಸುಲಭವಾಗಿ ಸಿಗುತ್ತದೆ. ನಮ್ಮಲ್ಲಿ ಹಳೆಯ ಲಸಿಕೆಯ ಬಳಕೆಯೇ ನಿಂತಿದೆ. ಆಗ ನಿವೃತ್ತ ಶಿಕ್ಷಕಿಯೊಬ್ಬರು, ಅಪಾಯವಿರುವ ತಿಂಗಳುಗಳಲ್ಲಿ ಜನ ಕಾಡಿಗೆ ಹೋಗದೆ ಇರಬಾರದೇ ಎಂದು ಕೇಳಿದರು. ಅವರ ಪಾಲಿಗೆ ಕಾಡು ವಿಹಾರದ ಸ್ಥಳ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ, ಇವೆಲ್ಲವನ್ನೂ ಮಳೆಗಾಲಕ್ಕೆ ಮೊದಲೇ ಕೂಡಿಡಬೇಕೆಂದೂ, ರೋಗ ಹೆಚ್ಚುವುದೂ ಸರಿಯಾಗಿ ಆ ಒಣ ತಿಂಗಳುಗಳಲ್ಲೇ ಎಂದೂ ವಿವರಿಸಿದೆ. ಅವರ ಮುಂದಿನ ಪ್ರಶ್ನೆಗಳಿಗೆ ಉತ್ತರಿಸಲು ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ತೈಲವನ್ನು ಯಾರು ಬಳಸುತ್ತಾರೆ, ಯಾರು ಬಿಡುತ್ತಾರೆ, ಏಕೆ ಎಂದು ಕೇಳಿ ತಿಳಿದುಕೊಂಡೆ. ನೀವು ಅರಸುತ್ತಿರುವ ಜಾಗತಿಕ ಕಲಿಕೆ ಇಂಥ ಮಾತುಕತೆಯಲ್ಲಿದೆ ಎಂದು ನಾನು ಮನಸಾರೆ ನಂಬಿದ್ದೇನೆ. ಒಂದೇ ಸ್ಥಳಕ್ಕೆ ವರ್ಷಗಟ್ಟಲೆ ಹೋಗುವವರಿಗಷ್ಟೇ ಅದು ಒದಗುತ್ತದೆ, ಕೊಡುವುದಕ್ಕೆ ತನ್ನ ಊರಿನ ತಿಳಿವಳಿಕೆಯೂ ಕೈಯಲ್ಲಿರಬೇಕು.

ಆದ್ದರಿಂದ ಹೊರಡುವ ಮೊದಲಿನ ತಿಂಗಳುಗಳನ್ನು ಊರಿನಲ್ಲೇ ಚೆನ್ನಾಗಿ ಬಳಸಿಕೊಳ್ಳಿ. ಎನ್‌ಎಸ್‌ಎಸ್‌ನ 240 ಗಂಟೆಗಳನ್ನು ಪೂರೈಸಿದ್ದೇನೆ ಎಂದು ಬರೆದಿದ್ದೀರಿ. ಆ ಶಿಬಿರ ನಡೆದ ಹಳ್ಳಿಗೆ ಮತ್ತೊಮ್ಮೆ ಹೋಗಿ, ಅಂದು ಮಾಡಿದ ಕೆಲಸ ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಒಪ್ಪಿದರೆ, ಮಂಗನ ಕಾಯಿಲೆಯ ಜಾಗೃತಿಗಾಗಿ ಮನೆಮನೆಗೆ ಹೋಗುವವರ ಜೊತೆ ಓಡಾಡಿ. ಜರ್ಮನ್ ಭಾಷೆಯನ್ನು ದಿನಬಳಕೆಯ ಮಾತುಕತೆಗೆ ಸಾಕಾಗುವ ಬಿ1 ಮಟ್ಟದವರೆಗಾದರೂ ಕಲಿಯಿರಿ. ತರಗತಿಯಲ್ಲಿ ಇಂಗ್ಲಿಷ್ ಸಾಕಾಗಬಹುದು, ಆದರೆ ಸಂಘದ ಹಿರಿಯರು ಮಾತನಾಡುವುದು ಇಲ್ಲಿನ ಅಲೆಮಾನಿಕ್ ಆಡುನುಡಿಯನ್ನು. ಶುದ್ಧ ಜರ್ಮನ್ ಬಲ್ಲವರಿಗೇ ಅದು ಕಿವಿಗೆ ಹಿಡಿಯಲು ಸಮಯ ಬೇಕು.

ಬಂದ ಮೇಲೆ ಮೊದಲ ಎರಡು ವಾರಗಳಲ್ಲಿ ವಿಳಾಸ ನೋಂದಣಿ, ವಿಮೆ, ಬ್ಯಾಂಕು ಎಂದು ಪುರುಸೊತ್ತು ಇರುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಓದಿಗೇ ಆದ್ಯತೆ ಇರಲಿ, ಸೇವೆಗೆ ವಾರದಲ್ಲಿ ಅರ್ಧ ದಿನ ಸಾಕು. ಉಣುಗಿನ ಲಸಿಕೆಯ ಬಗ್ಗೆ ಇಲ್ಲಿನ ವೈದ್ಯರನ್ನು ಬೇಗ ಕಾಣಿ, ಡೋಸುಗಳ ನಡುವೆ ತಿಂಗಳುಗಳ ಅಂತರವಿರುತ್ತದೆ. ಹಿಮ ಕರಗಿದ ಮೇಲೆ ನಮ್ಮ ತಂಡ ಶನಿವಾರ ಬೆಳಿಗ್ಗೆ ಕಾಡಿಗೆ ಹೊರಡುತ್ತದೆ. ಗಟ್ಟಿ ಬೂಟು ಮತ್ತು ಬುತ್ತಿ ತಂದರೆ ಸಾಕು, ಬ್ರಷ್, ಸುತ್ತಿಗೆಗಳನ್ನು ಸಂಘವೇ ಕೊಡುತ್ತದೆ.