ಆ ಇಂಜೆಕ್ಷನ್‌ಗಾಗಿ ಹೊಲ ಮಾರಬೇಡಿ

ಪ್ರಶ್ನೆ: ಅಪ್ಪನಿಗೆ 58 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿತ್ತು. ಎಕೋದಲ್ಲಿ ಪಂಪಿಂಗ್ 30 ಪರ್ಸೆಂಟ್ ಅಂತ ಬಂದಿದೆ. ಹೊಸ ಮೈಟೋಕಾಂಡ್ರಿಯಾ ಇಂಜೆಕ್ಷನ್ ಕೊಟ್ಟರೆ ಹೃದಯ ಮೊದಲಿನಂತಾಗುತ್ತದೆ ಎಂದು ಒಬ್ಬರು 4 ಲಕ್ಷ ಕೇಳುತ್ತಿದ್ದಾರೆ. ಹೊಲ ಮಾರಲೇ ಡಾಕ್ಟ್ರೇ? (ಸಿಂಧನೂರು)

ಉತ್ತರ: ಮಾರಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಬಳ್ಳಾರಿಯ ನಮ್ಮ ಒಪಿಡಿಯಲ್ಲೂ ಇದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೈಟೋಕಾಂಡ್ರಿಯಾ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಸಣ್ಣ ಭಾಗಗಳು. ಅವುಗಳ ಕಸಿ ನಡೆದಿರುವುದು ನಿಜ. ಅಮೆರಿಕದ ಬೋಸ್ಟನ್ ಮಕ್ಕಳ ಆಸ್ಪತ್ರೆಯ ವೈದ್ಯರು 2017ರಲ್ಲಿ ಐದು ಮಕ್ಕಳ ವರದಿ ಪ್ರಕಟಿಸಿದರು. ರಕ್ತ ಸಿಗದೆ ಹೃದಯಕ್ಕೆ ಪೆಟ್ಟಾಗಿ, ಹೃದಯ, ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಎಕ್ಮೋ ಯಂತ್ರದ ಮೇಲಿದ್ದ ಮಕ್ಕಳು ಅವರು. ಮಗುವಿನದೇ ಹೊಟ್ಟೆಯ ಸ್ನಾಯುವಿನಿಂದ ಸಣ್ಣ ಚೂರು ತೆಗೆದು, ಅರ್ಧ ಗಂಟೆಯೊಳಗೆ ಮೈಟೋಕಾಂಡ್ರಿಯಾ ಬೇರ್ಪಡಿಸಿ, ಸಣ್ಣ ಸೂಜಿಯಲ್ಲಿ ಹೃದಯದ ಸ್ನಾಯುವಿಗೇ ಚುಚ್ಚಿದರು. ನಾಲ್ವರು ಯಂತ್ರದಿಂದ ಹೊರಬಂದರು. ಅದು ಕಸಿಯಿಂದಲೇ ಆಯ್ತು ಅನ್ನಲು ಐದು ಮಕ್ಕಳು ಸಾಲದು.

ಆ ಮಕ್ಕಳ ಹೃದಯದ ಜೀವಕೋಶಗಳು ಸುಸ್ತಾಗಿದ್ದವು, ಆದರೂ ಜೀವ ಇತ್ತು. ನಿಮ್ಮ ಅಪ್ಪನಿಗೆ ಅಟ್ಯಾಕ್ ಆದ ಜಾಗ ಈಗ ಬರೀ ಗಾಯದ ಕಲೆ. ಒಣಗಿ ನಿಂತ ಭತ್ತಕ್ಕೆ ಯೂರಿಯಾ ಹಾಕಿದರೆ ಹಸಿರಾಗುತ್ತದೆಯೇ? ಹೊರತೆಗೆದ ಮೈಟೋಕಾಂಡ್ರಿಯಾ ಬಹಳ ಹೊತ್ತು ಬಾಳುವುದಿಲ್ಲ. ಬಾಟಲಿಯಲ್ಲಿ ತಂದು ಕೈನರಕ್ಕೆ ಕೊಡುತ್ತೇವೆ ಅನ್ನುವವರು ಮೋಸಗಾರರು. ಇದು ಕ್ಲಿನಿಕಲ್ ಟ್ರಯಲ್ (ರೋಗಿಗಳ ಮೇಲಿನ ಪ್ರಯೋಗ) ಅಂದರೋ, ಇಂಥ ಪ್ರಯೋಗಗಳ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಟ್ರಯಲ್‌ನ ಔಷಧಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ.

ನನಗೆ ದುಡ್ಡಿಗಿಂತ ಜಾಸ್ತಿ ಭಯ ಇರುವುದು ಮಾತ್ರೆಗಳದ್ದು. ಇಂಥ ಇಂಜೆಕ್ಷನ್ ನಂಬಿ ಜನ ಇರುವ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಹೃದಯವನ್ನು ಕಾಯುತ್ತಿರುವುದೇ ಅವು. ದಿನಾ ಬೆಳಿಗ್ಗೆ ಅಪ್ಪನ ತೂಕ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೈಟೋಕಾಂಡ್ರಿಯಾ ಹೆಚ್ಚಿಸುವ ಪುಡಿ ತಗೋಬಹುದಾ? (ಕೊಪ್ಪಳ)

ಉತ್ತರ: ಬೇಡ. ದಿನಾ ಚುರುಕಾಗಿ ನಡೆಯಿರಿ, ಸ್ನಾಯುಗಳಲ್ಲಿ ತಾವಾಗಿಯೇ ಹೆಚ್ಚುತ್ತವೆ.

ಪ್ರಶ್ನೆ: ತಾಯಿಯ ಮೈಟೋಕಾಂಡ್ರಿಯಾ ಕಾಯಿಲೆ ಮಗುವಿಗೆ ಬಾರದಂತೆ ಬ್ರಿಟನ್ನಿನಲ್ಲಿ ಮಾಡುವುದೂ ಇದೇನಾ? (ರಾಯಚೂರು)

ಉತ್ತರ: ಅಲ್ಲ. 2015ರಲ್ಲಿ ಅಲ್ಲಿ ಕಾನೂನು ಒಪ್ಪಿದ್ದು ಅಂಡಾಣುವಿನ ಅಥವಾ ಆಗಷ್ಟೇ ಫಲಿತವಾದ ಅಂಡಾಣುವಿನ ಹಂತದಲ್ಲಿ ಮಾಡುವ ಬೇರೆಯದೇ ವಿಧಾನ.